ಎದೆಬಡಿತ, ಬೆವರು ಮತ್ತು ವತ್ಸಲಾ

ಹೊಸದಾಗಿ ನರ್ಸಿಂಗ್ ಕೆಲಸಕ್ಕೆ ಸೇರುವ ಹುಡುಗಿಯರು ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಆಂಟಿ, ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಗಾಜಿನ ಸಿರಿಂಜನ್ನು ಸ್ಟವ್ವಿನ ಮೇಲೆ ಕುದಿಸುತ್ತಿದ್ದ ಕಥೆ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ನಾನು ಹೇಳುವುದೇ ಬೇರೆ. ನೀವು ಎಲ್ಲೇ ಕೆಲಸಕ್ಕೆ ಸೇರಿ, ಅಲ್ಲಿ ನಿಮ್ಮ ಜೊತೆ ಒಬ್ಬ ವತ್ಸಲಾ ಇದ್ದೇ ಇರುತ್ತಾಳೆ. ನಿಮಗಿಂತ ತಡವಾಗಿ ಸೇರಿರುತ್ತಾಳೆ, ನಿಮಗಿಂತ ಕಡಿಮೆ ಕಲಿತಿರುತ್ತಾಳೆ. ಆದರೂ ರೋಗಿಗಳು ಬಾಗಿಲಲ್ಲಿ ನಿಮ್ಮ ಮುಖ ನೋಡಿ, ಆ ಇನ್ನೊಬ್ಬ ಸಿಸ್ಟರ್ ಇಲ್ಲವಾ ಎಂದು ಕೇಳುತ್ತಾರೆ. ಇದಕ್ಕೆ ಏನು ಮದ್ದು ಎಂದು ಯಾವ ನರ್ಸಿಂಗ್ ಸ್ಕೂಲಿನಲ್ಲೂ ಕಲಿಸುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ತರಬೇತಿ ಮುಗಿಸಿ, ಮದುವೆಯಾಗಿ ಡೊಂಬಿವಲಿಗೆ ಬಂದವಳು. ನಮ್ಮವರು, ಅಂದರೆ ನನ್ನ ಗಂಡ ಗುರುನಾಥ, ಮುಂಬಯಿಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಎಪ್ಪತ್ತರ ದಶಕದ ನಡುವಿನಲ್ಲಿ ನನಗೆ ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಎರಡು ಕೋಣೆ, ನಾಲ್ಕು ಮಂಚ, ಒಂದು ಆಕ್ಸಿಜನ್ ಸಿಲಿಂಡರು. ಕಳವಾ ಸ್ಟೇಷನ್ನಿನಲ್ಲಿ ಇಳಿದರೆ ಕಂಪನಿಯ ಬಸ್ಸು ಬರುತ್ತಿತ್ತು. ಡಾಕ್ಟರ್ ಸಾಮಂತ್ ಎಂಬುವರು ದಿನಾ ಬೆಳಿಗ್ಗೆ ಸಫಾರಿ ಸೂಟಿನಲ್ಲಿ ಬಂದು, ಬೆರಳು ಕತ್ತರಿಸಿಕೊಂಡವರನ್ನೂ ರಜೆಗಾಗಿ ನರಳುವವರನ್ನೂ ನೋಡಿ, ಮಧ್ಯಾಹ್ನದ ಹೊತ್ತಿಗೆ ತಮ್ಮ ಸ್ವಂತ ದವಾಖಾನೆಗೆ ಹೊರಟುಬಿಡುತ್ತಿದ್ದರು. ಆಮೇಲೆ ಅಲ್ಲಿ ನನ್ನದೇ ರಾಜ್ಯ. ಆ ರಾಜ್ಯಕ್ಕೆ ಎರಡು ವರ್ಷದ ನಂತರ ವತ್ಸಲಾ ಬಂದಳು.

ವತ್ಸಲಾ ಉಡುಪಿ ಕಡೆಯವಳು. ಕಳವಾ ಸ್ಟೇಷನ್ನಿನ ಹತ್ತಿರವೇ ಒಂದು ಕೋಣೆಯಲ್ಲಿ ಅತ್ತೆಯ ಜೊತೆ ಇದ್ದಳು. ಗಂಡ ಹಡಗಿನಲ್ಲಿ ಅಡುಗೆಯವ. ವರ್ಷದ ಬಹುಭಾಗ ಸಮುದ್ರದ ಮೇಲೆಯೇ. ಕೆಲಸಕ್ಕೆ ಸೇರಿದ ದಿನವೇ ನನ್ನನ್ನು ಸುಮಿತ್ರಕ್ಕ ಎಂದು ಕರೆದಳು. ನಮ್ಮಿಬ್ಬರ ವಯಸ್ಸಿಗೆ ಹೆಚ್ಚು ಅಂತರವಿರಲಿಲ್ಲ. ಅದೇ ಬಿಳಿ ಯೂನಿಫಾರ್ಮ್ ಸೀರೆ ನನ್ನ ಮೈಮೇಲೆ ಯೂನಿಫಾರ್ಮಿನ ಹಾಗೇ ಕಾಣುತ್ತಿತ್ತು, ಅವಳ ಮೈಮೇಲೆ ಸೀರೆಯ ಹಾಗೆ ಕಾಣುತ್ತಿತ್ತು. ಮೊದಲ ದಿನವೇ ನನ್ನ ಹೊಟ್ಟೆ ಉರಿಯಿತು ಎಂದರೆ ನಂಬಿ. ಹಿರಿತನದ ಬಲದಿಂದ ನಾನು ನನಗೆ ಬೇಕಾದ ಬೆಳಗಿನ ಪಾಳಿಯನ್ನು ಇಟ್ಟುಕೊಂಡು, ಸಂಜೆಯವರೆಗಿನ ಜನರಲ್ ಪಾಳಿಯನ್ನು ಅವಳ ಕೊರಳಿಗೆ ಕಟ್ಟಿದೆ. ಗೆದ್ದೆ ಎಂದುಕೊಂಡಿದ್ದೆ.

ಈಗ ಶರಣಪ್ಪನ ಕೇಸು. ಶರಣಪ್ಪ ಕಲಬುರ್ಗಿ ಕಡೆಯವನು. ಮೊದಲು ಲೋಡಿಂಗ್ ಕೂಲಿಯಾಗಿ ಬೆನ್ನ ಮೇಲೆ ಚೀಲ ಹೊತ್ತು, ಆಮೇಲೆ ಮೇಲಿನ ಕ್ರೇನ್ ನಡೆಸುವುದನ್ನು ಕಲಿತು ಆಪರೇಟರ್ ಆಗಿದ್ದ. ಶೆಡ್ಡಿನ ಛಾವಣಿಯ ಕೆಳಗೆ, ತಗಡಿನ ಕಾವಿನಲ್ಲಿ, ಒಂದು ಸಣ್ಣ ಗೂಡಿನೊಳಗೆ ಕೂತು ಮಾಡುವ ಕೆಲಸ. ಒಂದು ದಿನ ನಾಲ್ಕು ಜನ ಅವನನ್ನು ಎತ್ತಿಕೊಂಡು ಬಂದರು. ಒಬ್ಬ ಅವನ ಮುಷ್ಟಿಯಲ್ಲಿ ಬೀಗದಕೈ ಗೊಂಚಲು ತುರುಕಿದ್ದ, ಇನ್ನೊಬ್ಬ ಮೂಗಿಗೆ ಚಪ್ಪಲಿ ಹಿಡಿದಿದ್ದ. ಅಂಗಿ ಹಿಂಡಿದರೆ ನೀರು ಸುರಿಯುವಷ್ಟು ಬೆವರು. ಕೈಬೆರಳುಗಳು ಒಂದಕ್ಕೊಂದು ಅಂಟಿ ಸೆಟೆದು ನಿಂತಿದ್ದವು.

"ಸಿಸ್ಟರ್, ನಾ ಸಾಯ್ಲಾಕತ್ತೀನ್ರಿ. ನಮ್ಮಾಕಿಗಿ ಹೇಳಿ ಕಳಸ್ರಿ" ಎಂದ.

ನಾನು ನಾಡಿ ನೋಡಿದೆ, ಓಡುತ್ತಿತ್ತು. ರಕ್ತದೊತ್ತಡ ಸ್ವಲ್ಪ ಏರಿತ್ತು. ಡಾಕ್ಟರ್ ಸಾಮಂತ್ ಬಂದು ತಮ್ಮ ಪ್ರೀತಿಯ ಕ್ಯಾಲ್ಸಿಯಂ ಇಂಜೆಕ್ಷನ್ ಕೊಡಿಸಿದರು. ಅದನ್ನು ರಕ್ತನಾಳಕ್ಕೆ ಬಹಳ ನಿಧಾನವಾಗಿ ಕೊಡಬೇಕು, ಕೊಡುತ್ತಿದ್ದ ಹಾಗೆ ಮೈಯೆಲ್ಲ ಬಿಸಿಯಾಗುತ್ತದೆ. ಕಾರ್ಮಿಕರು ಅದನ್ನು ಗರಮ್ ಸೂಯಿ, ಬಿಸಿ ಸೂಜಿ, ಎಂದು ಕರೆದು, ಇಲ್ಲದ ಕಾಯಿಲೆಗೂ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಶರಣಪ್ಪನಿಗೆ ಅದು ಮುಗಿಯುವಷ್ಟರಲ್ಲಿ ಉಸಿರು ತಹಬಂದಿಗೆ ಬಂತು. ಠಾಣೆಯ ದೊಡ್ಡ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿದರೆ ಏನೂ ಇಲ್ಲ. ಕೇಸ್ ಪೇಪರಿನ ಮೇಲೆ ಡಾಕ್ಟರು ಫಂಕ್ಷನಲ್ ಎಂದು ಬರೆದರು. ಆ ಕಾಲದಲ್ಲಿ ಆ ಪದಕ್ಕೆ ನಮ್ಮ ನಮ್ಮೊಳಗಿನ ಅರ್ಥ ನಾಟಕ ಎಂದು. ಹೆಂಗಸರಾದರೆ ಹಿಸ್ಟೀರಿಯಾ ಎಂದು ಬರೆಯುತ್ತಿದ್ದರು. ಗಂಡಸರಿಗೆ ಮರ್ಯಾದೆಯ ಪದ, ಹೆಂಗಸರಿಗೆ ಮರ್ಯಾದೆ ಕಳೆಯುವ ಪದ.

ಮತ್ತೊಮ್ಮೆ ಹಾಗೇ ಆಯಿತು, ಮಗುದೊಮ್ಮೆಯೂ ಆಯಿತು. ಮೇಲಿನ ಗೂಡಿನಲ್ಲಿ ಕೈ ಸೆಟೆದುಕೊಂಡರೆ, ಕ್ರೇನಿಗೆ ನೇತುಹಾಕಿದ ಕಬ್ಬಿಣ ಕೆಳಗಿದ್ದವರ ತಲೆಯ ಮೇಲೆ. ಕ್ರೇನ್ ಕೆಲಸಕ್ಕೆ ಇವನು ಅನ್‌ಫಿಟ್ ಎಂದು ಬರೆದುಬಿಡುತ್ತೇನೆ ಎಂದರು ಡಾಕ್ಟರು. ಹಾಗೆ ಬರೆದರೆ ಶರಣಪ್ಪ ಮತ್ತೆ ಚೀಲ ಹೊರಬೇಕು. ನಾನು ಡಾಕ್ಟರ ಮಾತಿಗೆ ತಲೆಯಾಡಿಸಿದೆ, ಈಗಲೂ ಆ ಜಾಗದಲ್ಲಿದ್ದರೆ ಮೊದಲು ಅವನನ್ನು ಕೆಳಗಿಳಿಸಿಯೇ ಮುಂದಿನ ಮಾತಾಡುತ್ತೇನೆ.

ಆದರೆ ವತ್ಸಲಾ ಒಂದು ಸ್ಟೂಲು ಎಳೆದುಕೊಂಡು ಅವನ ಮಂಚದ ಪಕ್ಕ ಕೂತಳು. ನಾವೆಲ್ಲ ಅವನ ಮೈಯನ್ನು ಪರೀಕ್ಷೆ ಮಾಡಿದ್ದೆವು. ಅವಳು, ಆವಾಗ ನಿಮಗೆ ಎಂತ ಅನ್ನಿಸ್ತದೆ, ಹೇಳಿ ಎಂದಳು. ಅವನು ಹೇಳಿದ. ಏನೂ ಕಾರಣವಿಲ್ಲದೆ, ಇದ್ದಕ್ಕಿದ್ದಂತೆ ಶುರುವಾಗುತ್ತದೆ. ಎದೆ ಡಬಡಬ ಬಡಿಯುತ್ತದೆ, ಗಂಟಲು ಕಟ್ಟುತ್ತದೆ, ಎಷ್ಟು ಉಸಿರೆಳೆದರೂ ಗಾಳಿ ಸಾಲದು. ಬೆರಳಿನಲ್ಲಿ, ತುಟಿಯ ಸುತ್ತ ಇರುವೆ ಹರಿದ ಹಾಗೆ ಜುಮುಜುಮು. ಕೈಕಾಲು ನಡುಗುತ್ತವೆ. ಕೆಳಗಿನ ಜನ, ಮಷೀನು ಎಲ್ಲ ದೂರದಲ್ಲಿ, ಪರದೆಯ ಆಚೆ ಇದ್ದ ಹಾಗೆ. ಈಗ ಸತ್ತೆ, ಇಲ್ಲದಿದ್ದರೆ ಹುಚ್ಚು ಹಿಡಿಯಿತು ಎನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ, ಆಮೇಲೆ ಇಡೀ ದಿನ ಚೀಲ ಹೊತ್ತಷ್ಟು ಸುಸ್ತು. ಇನ್ನೂ ಒಂದು ಮಾತು ಹೇಳಿದ: ಈಗೀಗ ಏಣಿ ನೋಡಿದರೇ ಎದೆ ಹಾರುತ್ತದೆ.

ಹುಡುಗಿಯರೇ, ಇದನ್ನು ಗುರುತು ಹಾಕಿಕೊಳ್ಳಿ. ಪುಸ್ತಕದಲ್ಲಿ ಇದೇ ಪಟ್ಟಿ ಇರುತ್ತದೆ, ಆದರೆ ಯಾವ ರೋಗಿಯೂ ಪಟ್ಟಿಯ ಹಾಗೆ ಹೇಳುವುದಿಲ್ಲ. ಕೊನೆಯ ಮಾತನ್ನಂತೂ ಕೇಳದಿದ್ದರೆ ಹೇಳುವುದೇ ಇಲ್ಲ.

ವತ್ಸಲಾ ಡಾಕ್ಟರ ಕೋಣೆಗೆ ಹೋಗಿ, ತನ್ನ ಅರೆಬರೆ ಮರಾಠಿಯಲ್ಲಿ, ಇವನಿಗೆ ಇರುವುದು ಕ್ರೇನಿನ ಹೆದರಿಕೆ ಅಲ್ಲ, ಆ ಹೆದರಿಕೆ ಇನ್ನೊಮ್ಮೆ ಬಂದೀತು ಎಂಬ ಹೆದರಿಕೆ ಎಂದಳು. ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. ನನ್ನನ್ನು ಅವರು ಎಂದೂ ಕನ್ನಡಕ ತೆಗೆದು ನೋಡಿದವರಲ್ಲ. ಅವಳು ಕ್ಯಾಂಟೀನಿನಿಂದ ಖಾಲಿ ಕಾಗದದ ಪೊಟ್ಟಣ ತರಿಸಿ, ಹೆದರಿಕೆ ಬಂದಾಗ ಅದರೊಳಗೆ ಮೆಲ್ಲಗೆ ಉಸಿರಾಡುವುದನ್ನು ಅವನಿಗೆ ಕಲಿಸಿದಳು. ಆಗ ಅದೇ ಪದ್ಧತಿ, ಡಾಕ್ಟರೂ ಒಪ್ಪಿದ್ದರು. ಈಗ ಮಾಡಬೇಡಿ. ರೋಗಿಗೆ ನಿಜಕ್ಕೂ ಹೃದಯದ ತೊಂದರೆಯೋ ಉಬ್ಬಸವೋ ಇದ್ದರೆ ಪೊಟ್ಟಣ ಅವನ ಪ್ರಾಣ ತೆಗೆದೀತು. ಮೆಲ್ಲಗೆ ಉಸಿರು ಬಿಡಲು ಹೇಳಿ ಜೊತೆಗೆ ಕೂತರೆ ಸಾಕು.

ಅನ್‌ಫಿಟ್ ಎಂದು ಬರೆಯುವುದನ್ನು ಡಾಕ್ಟರು ಸದ್ಯಕ್ಕೆ ತಡೆದರು. ಆಮೇಲೆ ಅವಳು ಮಾಡಿದ್ದನ್ನು ಇಡೀ ಶೆಡ್ಡು ನೋಡಿತು. ಖಾಲಿ ಕ್ರೇನಿನ ಏಣಿಯನ್ನು ಶರಣಪ್ಪ ಮೊದಲ ದಿನ ನಾಲ್ಕು ಮೆಟ್ಟಿಲು ಹತ್ತಿ ಇಳಿದ. ಮರುದಿನ ಇನ್ನೂ ಸ್ವಲ್ಪ. ಅವಳು ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆಯೇ ಹತ್ತುತ್ತಿದ್ದಳು. ಒಂದು ವಾರ ಕಳೆಯುವಷ್ಟರಲ್ಲಿ ಇಬ್ಬರೂ ಮೇಲಿನ ಗೂಡಿನವರೆಗೆ ಹೋಗಿ ನಿಂತರು. ಕೆಳಗೆ ಮಷೀನು ನಿಲ್ಲಿಸಿ ಜನ ಚಪ್ಪಾಳೆ ಹೊಡೆದರು. ನಾನು ದವಾಖಾನೆಯ ಬಾಗಿಲಲ್ಲಿ ನಿಂತಿದ್ದೆ. ಅವಳ ಕಾಲು ಜಾರಲಿ ಎಂದು ನಾನೇನೂ ಹಾರೈಸಲಿಲ್ಲ. ಜಾರಿದರೆ ಯಾವ ಬ್ಯಾಂಡೇಜು ಹಾಕಬೇಕಾದೀತು ಎಂದು ಮಾತ್ರ ಯೋಚಿಸಿದೆ. ಶರಣಪ್ಪ ನಿವೃತ್ತಿಯವರೆಗೂ ಕ್ರೇನ್ ನಡೆಸಿದ.

ಆಮೇಲೆ ದವಾಖಾನೆಯಲ್ಲಿ ನನ್ನ ರಾಜ್ಯ ಮುಗಿಯಿತು. ಪ್ಯಾಕಿಂಗ್ ವಿಭಾಗದ ಹೆಂಗಸರು ಎದೆ ಹಿಡಿದುಕೊಂಡು ಬಂದರೆ, ನಾನಿದ್ದರೂ, ವತ್ಸಲಾ ಸಿಸ್ಟರ್ ಬರುವವರೆಗೆ ಕಾಯುತ್ತೇವೆ ಎನ್ನುತ್ತಿದ್ದರು. ಕಾಯುತ್ತ ಕಾಯುತ್ತ ಅರ್ಧ ಜನಕ್ಕೆ ವಾಸಿಯಾಗಿಬಿಡುತ್ತಿತ್ತು. ಆ ಪುಣ್ಯವೂ ಅವಳ ಖಾತೆಗೇ. ದೀಪಾವಳಿಗೆ ನನಗೆ ಒಂದು ಪೊಟ್ಟಣ ಚಿವಡಾ ಬಂದರೆ ಅವಳಿಗೆ ಮೇಜಿನ ತುಂಬ.

ಅವಳು ಒಮ್ಮೆ ಎಡವಿದಳು. ಅದನ್ನು ಹೇಳದೆ ಬಿಡುವುದಿಲ್ಲ, ಬಿಟ್ಟರೆ ನನಗೆ ನಿದ್ದೆ ಬಾರದು. ಗೇಟಿನ ವಯಸ್ಸಾದ ಕಾವಲುಗಾರನೊಬ್ಬ ಬೆವರುತ್ತ ಬಂದ. ಎದೆ ಬಿಗಿಯುತ್ತದೆ, ಭಯವಾಗುತ್ತದೆ ಎಂದ. ಅವಳು ಸ್ಟೂಲು ಎಳೆದುಕೊಂಡು ಕೂತು, ಮೆಲ್ಲಗೆ ಉಸಿರಾಡಿ ಎನ್ನತೊಡಗಿದಳು. ನನ್ನ ಪಾಳಿ ಮುಗಿದು ನಾನು ಚೀಲ ಹೆಗಲಿಗೆ ಹಾಕಿಕೊಂಡಿದ್ದೆ. ಅವಳ ತಪ್ಪು ಹುಡುಕುವ ಕಣ್ಣು ನನಗೆ ಸದಾ ತೆರೆದೇ ಇರುತ್ತಿತ್ತು. ಆ ಕಣ್ಣಿಗೆ ಅವನ ಎಡಗೈ ಕಂಡಿತು. ಅವನು ಅದನ್ನು, ಭುಜದಿಂದ ದವಡೆಯವರೆಗೂ, ಒತ್ತಿ ಒತ್ತಿ ಸವರಿಕೊಳ್ಳುತ್ತಿದ್ದ, ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಅವಳನ್ನು ಕೇಳದೆ ಕಂಪನಿಯ ಜೀಪು ತರಿಸಿ ಠಾಣೆಯ ಆಸ್ಪತ್ರೆಗೆ ಸಾಗಿಸಿದೆ. ನಿಜವಾದ ಹೃದಯಾಘಾತ. ಮನುಷ್ಯ ಬದುಕಿದ. ಮರುದಿನ ವತ್ಸಲಾ ಅಳುತ್ತ ಕೂತಿದ್ದಾಗ ನಾನೇ ಕೈಯಾರೆ ಚಹಾ ಮಾಡಿಕೊಟ್ಟೆ. ಅಷ್ಟು ರುಚಿಯಾದ ಚಹಾ ನಾನು ಮತ್ತೆ ಮಾಡಿಲ್ಲ. ಇದರಿಂದ ನೀವು ಕಲಿಯಬೇಕಾದದ್ದು ಇಷ್ಟು: ಎದೆ ಹಿಡಿದುಕೊಂಡು ಬಂದವರನ್ನು ಮೊದಲು ಹೃದಯದ ರೋಗಿ ಎಂದೇ ನೋಡಿ. ಅದಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಉಳಿದದ್ದು.

ಇಷ್ಟೆಲ್ಲ ನೋಡಿದವಳ ಮನೆಯಲ್ಲಿ ಏನಾಯಿತು ಎಂಬುದು ಮುಂದಿನ ಮಾತು. ಎಂಬತ್ತರ ದಶಕ ಶುರುವಾಗಿತ್ತು. ನಮ್ಮವರು ಸಂಜೆ ಮನೆಗೆ ತಡವಾಗಿ ಬರತೊಡಗಿದರು. ಮೊದಲು ಫಾಸ್ಟ್ ಲೋಕಲ್ ಹಿಡಿದು ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಇರುತ್ತಿದ್ದವರು. ಫಾಸ್ಟ್ ಗಾಡಿ ಠಾಣೆ ಬಿಟ್ಟರೆ ಪಾರಸಿಕ್ ಗುಡ್ಡದ ಬೋಗದೆಯೊಳಗೆ, ಅಂದರೆ ಸುರಂಗದೊಳಗೆ, ನುಗ್ಗಿ ಆಚೆ ಬಂದು ಸೀದಾ ಡೊಂಬಿವಲಿ. ಸ್ಲೋ ಗಾಡಿ ಗುಡ್ಡವನ್ನು ಸುತ್ತಿಕೊಂಡು ಕಳವಾ, ಮುಂಬ್ರಾ ಎಂದು ನಿಲ್ಲುತ್ತ ಬರುತ್ತದೆ. ಇವರು ಈಗ ಠಾಣೆಯಲ್ಲಿ ಇಳಿದು ಸ್ಲೋ ಹಿಡಿಯುತ್ತಾರೆ ಎಂದು ಪಕ್ಕದ ಮನೆಯವರು ಸುಮ್ಮನೆ ಮಾತಿಗೆ ಹೇಳಿದರು. ಯಾಕೆ ಎಂದು ನಾನು ಕೇಳಿದರೆ, ಸ್ಲೋದಲ್ಲಿ ಗದ್ದಲ ಕಡಿಮೆ ಎಂದರು ಇವರು. ಆ ಹೊತ್ತಿನಲ್ಲಿ ಗದ್ದಲವಿಲ್ಲದ ಗಾಡಿ ಎಲ್ಲಿಯದು?

ನಾನು ಒಂದೊಂದೇ ಲಕ್ಷಣ ಕೂಡಿಸತೊಡಗಿದೆ. ಊಟ ಕಡಿಮೆಯಾಯಿತು. ಕರೆದರೆ ಬೆಚ್ಚುತ್ತಿದ್ದರು. ಸಿನಿಮಾ ಬೇಡ, ಮದುವೆ ಮನೆ ಬೇಡ, ಕಲ್ಯಾಣದ ನನ್ನ ಅಣ್ಣನ ಮನೆಯೂ ಬೇಡ. ಅಂಗಿಯನ್ನು ಬಂದ ಕೂಡಲೇ ತಾವೇ ನೆನೆಸಿಡುತ್ತಿದ್ದರು. ಒಂದು ದಿನ ಒಗೆಯಲು ತೆಗೆದಾಗ ಜೇಬಿನಲ್ಲಿ ಅಂದವಾಗಿ ಮಡಿಸಿಟ್ಟ ಕಾಗದದ ಪೊಟ್ಟಣವೊಂದು ಸಿಕ್ಕಿತು. ಯಾರಿಗೋ ಮಲ್ಲಿಗೆ ಕಟ್ಟಿಸಿಕೊಂಡು ಹೋದ ಪೊಟ್ಟಣ ಎಂದು ನಾನು ಅದನ್ನು ಮೂಸಿ ನೋಡಿದೆ. ಏನೂ ವಾಸನೆಯಿರಲಿಲ್ಲ. ಇದನ್ನು ಕೇಳುತ್ತಿರುವ ನಿಮಗೆಲ್ಲ ಆಗಲೇ ಅರ್ಥವಾಗಿದೆ. ನನಗೆ ಆಗಲಿಲ್ಲ. ಹೊಟ್ಟೆಕಿಚ್ಚಿನ ಹೆಂಗಸಿಗೆ ಎಲ್ಲ ಲಕ್ಷಣಕ್ಕೂ ಒಂದೇ ರೋಗ.

ಆಮೇಲೆ ಶರಣಪ್ಪ ಬೆರಳಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದವನು, ಮನೆಯವರ ಕ್ಷೇಮ ವಿಚಾರಿಸುತ್ತ, ನಿಮ್ಮ ಸಾಹೇಬರು ಕಳವಾ ಸ್ಟೇಷನ್ದಾಗ ಆಗಾಗ ಕಾಣ್ತಾರ್ರೀ, ವತ್ಸಲಾ ಸಿಸ್ಟರ್ ಜೋಡಿ ಪ್ಲಾಟ್‌ಫಾರ್ಮಿನ ಬೆಂಚಿನ ಮ್ಯಾಲ ಕೂತಿರ್ತಾರ್ರೀ ಎಂದ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ನಾನು ಪಟ್ಟಿಯನ್ನು ಎಷ್ಟು ಬಿಗಿಯಾಗಿ ಕಟ್ಟಿದೆನೆಂದರೆ ಅವನು ಅಯ್ಯಯ್ಯೋ ಎಂದ.

ಜನ, ಚಪ್ಪಾಳೆ, ಚಿವಡಾ, ಡಾಕ್ಟರ ಕನ್ನಡಕ, ಎಲ್ಲ ಹೋಗಲಿ. ಈಗ ಗಂಡನೂ. ಅಂದು ನನ್ನ ಪಾಳಿ ಮುಗಿದರೂ ನಾನು ಮನೆಗೆ ಹೋಗಲಿಲ್ಲ. ಕಳವಾ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ಮೀನಿನ ಬುಟ್ಟಿಯ ಹೆಂಗಸರ ನಡುವೆ, ತಲೆಯ ಮೇಲೆ ಸೆರಗು ಹೊದ್ದು ಕೂತೆ. ಗಾಡಿ ಬಂತು, ಹೋಯಿತು, ಇನ್ನೊಂದು ಬಂತು. ವತ್ಸಲಾ ಕಾರ್ಖಾನೆಯ ಬಸ್ಸಿನಿಂದ ಇಳಿದು ಬಂದು ಬೆಂಚಿನ ಒಂದು ತುದಿಯಲ್ಲಿ ಕೂತಳು. ಅವಳ ಮನೆ ಸ್ಟೇಷನ್ನಿನ ಹೊರಗೆ. ಪ್ಲಾಟ್‌ಫಾರ್ಮಿನೊಳಗೆ ಬರಬೇಕಾದ ಕೆಲಸವೇ ಇರಲಿಲ್ಲ. ಆಮೇಲೆ ಠಾಣೆ ಕಡೆಯಿಂದ ಬಂದ ಸ್ಲೋ ಗಾಡಿಯ ಬಾಗಿಲಿನಿಂದ ನಮ್ಮವರು ಇಳಿದರು.

ಇಳಿದರು ಎನ್ನುವುದಕ್ಕಿಂತ ಕಂಬಿ ಹಿಡಿದುಕೊಂಡು ಕೆಳಗೆ ಜಾರಿದರು. ಮುಖ ಬಿಳಿಚಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಕೈಬೆರಳುಗಳನ್ನು ಬಿಡಿಸುತ್ತ ಮಡಿಸುತ್ತ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಅವಳು ಮುಟ್ಟಲಿಲ್ಲ, ಇವರ ಮುಖವನ್ನೂ ನೋಡಲಿಲ್ಲ. ಎದುರಿನ ಹಳಿಗಳನ್ನು ನೋಡುತ್ತ ಏನೋ ಮೆಲ್ಲಗೆ ಹೇಳುತ್ತಿದ್ದಳು. ಇವರ ಭುಜ ಏರುತ್ತಿತ್ತು, ಇಳಿಯುತ್ತಿತ್ತು.

ನರ್ಸಾಗಿ ನನಗೆ ಆ ಕ್ಷಣಕ್ಕೇ ಎಲ್ಲ ಗೊತ್ತಾಯಿತು. ಸ್ಲೋ ಗಾಡಿ, ಊಟ, ಸಿನಿಮಾ, ಪೊಟ್ಟಣ, ಎಲ್ಲ. ಹೆಂಡತಿಯಾಗಿ ಮಾತ್ರ ನನ್ನ ಉರಿ ಇಳಿಯಲಿಲ್ಲ, ಏರಿತು. ಅವರಿಬ್ಬರೂ ಕೈ ಕೈ ಹಿಡಿದು ಕೂತಿದ್ದರೆ ಜಗಳ ಕಾಯಬಹುದಿತ್ತು. ತನ್ನ ಪ್ರಾಣಭಯವನ್ನು ನನ್ನ ಗಂಡ ಇನ್ನೊಬ್ಬಳ ಮುಂದೆ ಬಿಚ್ಚಿಟ್ಟಿದ್ದಾನೆ ಎಂದರೆ ಅದಕ್ಕೆ ಯಾವ ಜಗಳ ಕಾಯುವುದು?

ನಾನು ಎದ್ದು ಹೋಗಿ ಅವರ ಮುಂದೆ ನಿಂತೆ. ನಮ್ಮವರು ನನ್ನನ್ನು ನೋಡಿದ್ದೇ ತಡ, ಇಳಿಯುತ್ತಿದ್ದ ಉಸಿರು ಮತ್ತೆ ಮೇಲೇರಿತು. ವತ್ಸಲಾ ಗಾಬರಿಯಾಗಲಿಲ್ಲ.

"ನೀವು ಬಂದಿರಲ್ಲ ಸುಮಿತ್ರಕ್ಕ, ಇನ್ನು ನಾನು ಹೊರಡ್ತೇನೆ" ಎಂದು ಎದ್ದಳು.

"ನೀವು ಹೋಗಬ್ಯಾಡ್ರಿ ಸಿಸ್ಟರ್" ಎಂದರು ನಮ್ಮವರು.

ನನ್ನ ಎದುರಿಗೇ ಹೇಳಿದರು. ವೃತ್ತಿಯಲ್ಲಿ ನನಗೆ ಆದ ಅವಮಾನಗಳನ್ನೆಲ್ಲ ಒಂದು ತಕ್ಕಡಿಗೆ ಹಾಕಿದರೂ ಅದರ ತೂಕಕ್ಕೆ ಬಾರವು. ವತ್ಸಲಾ ಮತ್ತೆ ಕೂತಳು. ನಡುವಿನ ಖಾಲಿ ಜಾಗದಲ್ಲಿ ನಾನು ಕೂತೆ. ಮೂವರೂ ಹಳಿ ನೋಡುತ್ತ ಎರಡು ಗಾಡಿ ಬಿಟ್ಟೆವು.

ಮನೆಗೆ ಬಂದ ಮೇಲೆ ವಿಷಯ ಹೊರಬಿತ್ತು. ಹಿಂದಿನ ಬೇಸಿಗೆಯಲ್ಲಿ ಫಾಸ್ಟ್ ಗಾಡಿ ಬೋಗದೆಯೊಳಗೆ ಕೆಟ್ಟು ನಿಂತಿತ್ತಂತೆ. ಕತ್ತಲು, ಸೆಖೆ, ಕಾಲು ಅಲ್ಲಾಡಿಸಲು ಜಾಗವಿಲ್ಲದ ಗದ್ದಲ. ಅಲ್ಲಿ ಮೊದಲ ಸಲ ಬಂತು. ಅಂದಿನಿಂದ ಬೋಗದೆ ಬಿಟ್ಟರು, ಸ್ಲೋ ಹಿಡಿದರು. ಆಮೇಲೆ ಸ್ಲೋ ಗಾಡಿಯಲ್ಲೂ ಠಾಣೆ ದಾಟಿದ ಕೂಡಲೇ ಶುರುವಾಗಿ, ಕಳವಾದಲ್ಲಿ ಇಳಿದುಬಿಡುತ್ತಿದ್ದರು. ಅತ್ತೆಯನ್ನು ಗಾಡಿ ಹತ್ತಿಸಲು ಬಂದಿದ್ದ ವತ್ಸಲಾ ಒಂದು ಸಂಜೆ ಇವರನ್ನು ಬೆಂಚಿನ ಮೇಲೆ ನೋಡಿದಳು. ನನ್ನ ಗಂಡ ಎಂದು ಅವಳಿಗೆ ಗೊತ್ತಿತ್ತು, ಕಾಯಿಲೆಯನ್ನೂ ನೋಡಿದ ಕೂಡಲೇ ಗುರುತಿಸಿದಳು. ಹೃದಯದ ಡಾಕ್ಟರಿಗೆ ತೋರಿಸಿ ಬನ್ನಿ ಎಂದು ಮೊದಲು ಕಳಿಸಿದಳು, ಕಾವಲುಗಾರನ ಪಾಠ ಮರೆತಿರಲಿಲ್ಲ. ಮನೆಯಲ್ಲಿ ಹೇಳಿ ಎಂದೂ ಅಂದಳಂತೆ. ನನಗೆ ಹೇಳಬಾರದೆಂದು ಇವರು ಅವಳಿಂದ ಆಣೆ ಮಾಡಿಸಿಕೊಂಡಿದ್ದರು.

"ನಾ ನರ್ಸ್ ಅದೀನಿ. ನನಗ ಹೇಳದ ಆಕಿಗೆ ಯಾಕ ಹೇಳಿದ್ರಿ?" ಎಂದು ಕೇಳಿದೆ.

"ನೀ ನರ್ಸ್ ಅದಿ ಅಂತನ ಹೇಳಲಿಲ್ಲ" ಎಂದರು. "ಒಮ್ಮೆ ಹೇಳಿದ್ರ ಮುಗೀತು. ಆಮ್ಯಾಲ ನೀ ನನ್ನ ಮಾರಿ ನೋಡಿದಾಗೆಲ್ಲಾ ನಾಡಿ ನೋಡಿದಂಗ ಆಗತದ. ಆಕಿ ಮುಂದ ನಾ ಹ್ಯಾಂಗಿದ್ರ ಏನ ಫರಕ ಬೀಳತದ? ಮನ್ಯಾಗರ ನಾ ಪೇಶಂಟ್ ಆಗಬಾರದಿತ್ತು."

ಇದರಲ್ಲಿ ನನಗೆ ಸಮಾಧಾನವಾಗುವ ಮಾತೊಂದಿತ್ತು. ಅದು ಕಾಣಿಸಲು ವರ್ಷಗಳು ಬೇಕಾದವು. ಆ ದಿನ ಕಂಡದ್ದು ಒಂದೇ: ಹೆದರಿದಾಗ ಇವರಿಗೆ ನಾನು ಬೇಡ.

ನಾನು ಶಪಥ ಮಾಡಿದೆ. ಹೇಗಿದೆ ಎಂದು ಕೇಳುವುದಿಲ್ಲ. ಕೈ ಹಿಡಿಯುವ ನೆಪದಲ್ಲಿ ನಾಡಿ ನೋಡುವುದಿಲ್ಲ. ಕಳವಾ ಸ್ಟೇಷನ್ನಿನ ಬೆಂಚಿಗೆ ಹೋಗುವುದನ್ನು ತಡೆಯುವುದಿಲ್ಲ. ಇವರು ತಾವಾಗಿ ಎಂದಾದರೂ ನನ್ನ ಹತ್ತಿರ ಬರುವವರೆಗೆ ಕಾಯುತ್ತೇನೆ. ಕಾಯುವುದು ಎಂಥ ಕೆಲಸ ಎಂದು ಡ್ಯೂಟಿಯಲ್ಲಿ ನನಗೆ ಗೊತ್ತಿತ್ತು, ಮನೆಯಲ್ಲಿ ಗೊತ್ತಿರಲಿಲ್ಲ. ಸಂಜೆ ಇವರ ಚಪ್ಪಲಿಯ ಸದ್ದಿನಲ್ಲೇ ಇವತ್ತು ಬೆಂಚಿನ ದಿನವೋ ಅಲ್ಲವೋ ಎಂದು ಲೆಕ್ಕ ಹಾಕುತ್ತ, ಬಾಯಿ ಮುಚ್ಚಿಕೊಂಡು ಭಕ್ಕರಿ ತಟ್ಟುತ್ತಿದ್ದೆ. ದವಾಖಾನೆಯಲ್ಲಿ ವತ್ಸಲಾಳ ಜೊತೆ ಹತ್ತಿ, ಸ್ಪಿರಿಟ್ಟು, ಗುಳಿಗೆಯ ಮಾತು ಮಾತ್ರ.

ಒಂದು ಬೆಳಿಗ್ಗೆ ಅವಳು ನಗುತ್ತ ಬಂದು, ನಿನ್ನೆ ನಿಮ್ಮವರು ಬೋಗದೆ ದಾಟಿದ್ರಂತೆ ಅಕ್ಕ, ಫಾಸ್ಟ್‌ನಲ್ಲಿ ಡೊಂಬಿವಲಿಗೆ ಹೋಗಿ, ಅಲ್ಲಿಂದ ಸ್ಲೋ ಹಿಡಿದು ವಾಪಸ್ ಬಂದು ಹೇಳಿದ್ರು ಎಂದಳು. ಮನೆಯಿಂದ ನಾಲ್ಕು ಹೆಜ್ಜೆ ದೂರದ ಸ್ಟೇಷನ್ನಿಗೆ ಬಂದಿಳಿದು, ನನಗೆ ಹೇಳದೆ, ಆ ಸುದ್ದಿಯನ್ನು ಹೊತ್ತುಕೊಂಡು ಕಳವಾಕ್ಕೆ ಹೋಗಿದ್ದರು. ನಾನು ಬಹಳ ಸಂತೋಷ ಎಂದೆ. ಆಮೇಲೆ ಔಷಧದ ಅಲಮಾರಿಯ ಬಾಗಿಲನ್ನು ಗಾಜು ಒಡೆಯುವ ಹಾಗೆ ಹಾಕಿದೆ.

ಆ ದಶಕದ ಕೊನೆಗೆ ಸಾಮಂತರು ಹೋಗಿ ಒಬ್ಬ ಹೊಸ ಡಾಕ್ಟರು ಬಂದರು, ವಯಸ್ಸಿನಲ್ಲಿ ನನ್ನ ತಮ್ಮನಂತಿದ್ದರು. ಕ್ಯಾಲ್ಸಿಯಂ ಸೂಜಿ ನಿಂತಿತು. ಇದು ಪ್ಯಾನಿಕ್ ಅಟ್ಯಾಕ್, ನಾಟಕವಲ್ಲ, ಇದಕ್ಕೆ ಮಾತ್ರೆಯೂ ಉಂಟು, ಮಾತಿನ ಚಿಕಿತ್ಸೆಯೂ ಉಂಟು ಎಂದು ನಮ್ಮಿಬ್ಬರನ್ನೂ ಕೂರಿಸಿ ಪಾಠ ಮಾಡಿದರು. ಏನೂ ಆಗಿಲ್ಲ ಎಂದು ರೋಗಿಗೆ ಹೇಳಬೇಡಿ, ಅವನಿಗೆ ಆಗಿರುತ್ತದೆ, ಇದು ಇಳಿಯುತ್ತದೆ ಎಂದು ಹೇಳಿ ಎಂದರು. ಅವರು ಇಂಗ್ಲಿಷಿನಲ್ಲಿ ಓದಿದ ಒಂದೊಂದು ಲಕ್ಷಣವನ್ನೂ ವತ್ಸಲಾ ಎಷ್ಟೋ ವರ್ಷದಿಂದ ಸ್ಟೂಲಿನ ಮೇಲೆ ಕೂತು ಕೇಳುತ್ತಲೇ ಬಂದಿದ್ದಳು. ಅವಳು ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ನಾನು ಬರೆದುಕೊಳ್ಳುವ ಹಾಗೆ ತಲೆ ಬಗ್ಗಿಸಿದೆ.

ಅದೇ ಸುಮಾರಿಗೆ ಶರಣಪ್ಪನ ಮಗಳ ಮದುವೆ ಕಲ್ಯಾಣ ಊರಿನ ಒಂದು ಹಾಲ್‌ನಲ್ಲಿ ನಡೆಯಿತು. ನಾವಿಬ್ಬರು ಸಿಸ್ಟರುಗಳೂ ಮನೆಮಂದಿ ಸಮೇತ ಬರಲೇಬೇಕೆಂದು ಶರಣಪ್ಪ ಹಟ ಹಿಡಿದಿದ್ದ. ವತ್ಸಲಾಳ ಗಂಡ ಎಂದಿನಂತೆ ಸಮುದ್ರದ ಮೇಲೆ, ಅವಳು ಒಬ್ಬಳೇ ಬಂದಿದ್ದಳು. ನಮ್ಮವರು ಬರುತ್ತೇನೆ ಎಂದದ್ದೇ ನನಗೆ ಆಶ್ಚರ್ಯ.

ಅಕ್ಷತೆಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಫ್ಯಾನುಗಳು ನಿಂತವು. ಬ್ಯಾಂಡು, ಹೊಗೆ, ಕಿಟಕಿಯವರೆಗೂ ಒತ್ತಿದ ಜನ. ನಾನು ವೇದಿಕೆಯ ಹತ್ತಿರ ಹೆಂಗಸರ ನಡುವೆ ಸಿಕ್ಕಿಕೊಂಡಿದ್ದೆ. ವತ್ಸಲಾ ಹಿಂದಿನ ಬಾಗಿಲ ಬಳಿ, ನಮ್ಮವರ ಕುರ್ಚಿಯಿಂದ ಎರಡು ಸಾಲು ಆಚೆ ಇದ್ದಳು. ನಮ್ಮವರು ಎದ್ದು ನಿಂತದ್ದು ಕಂಡಿತು. ಮುಖ ನೋಡಿದೆ. ಬೆರಳು ಬಿಡಿಸುತ್ತ ಮಡಿಸುತ್ತ ಇದ್ದರು. ಅವರ ಹತ್ತಿರ ಓಡಬೇಕು ಎನ್ನಿಸಿತು, ಕಾಲನ್ನು ಹಿಡಿದು ನಿಲ್ಲಿಸಿಕೊಂಡೆ. ಹತ್ತಿರ ಇರುವವಳು ಅವಳು. ಬಾಗಿಲೂ ಅವಳ ಪಕ್ಕದಲ್ಲೇ ಇದೆ. ಅವಳೂ ನೋಡಿದ್ದಳು, ಅರ್ಧ ಎದ್ದು ನಿಂತಿದ್ದಳು.

ನಮ್ಮವರು ಬಾಗಿಲ ಕಡೆ ಹೋಗಲಿಲ್ಲ. ಜನರನ್ನು ತಳ್ಳಿಕೊಂಡು, ಗದ್ದಲದ ಒಳಕ್ಕೆ, ಸೆಖೆಯ ಒಳಕ್ಕೆ, ಹೆಂಗಸರನ್ನು ದಾಟಿ ನನ್ನ ಮುಂದೆ ಬಂದು ನಿಂತರು.

"ಸುಮಿತ್ರಾ, ನನಗ ಬಂತು. ನನ್ನ ಜೋಡಿ ಹೊರಗ ಬಾ" ಎಂದರು.

ನಾವು ಹಾಲ್‌ನ ಹಿಂದೆ, ಅಡುಗೆಯವರು ಅಕ್ಕಿ ತೊಳೆಯುವ ಕಟ್ಟೆಯ ಮೇಲೆ ಕೂತೆವು. ಅವರೇ ನನ್ನ ಕೈ ಹಿಡಿದುಕೊಂಡರು. ನನ್ನ ಬೆರಳು ಅವರ ಮಣಿಕಟ್ಟಿನ ಕಡೆ ಹೋಗದಂತೆ ನೋಡಿಕೊಂಡೆ. ಉಸಿರು ಮೆಲ್ಲಗೆ ಬಿಡ್ರಿ, ಇಳೀತದ ಎಂದಷ್ಟೇ ಹೇಳಿದೆ. ಅದು ಏರಿತು, ನಿಂತಿತು, ಇಳಿಯಿತು. ಆಮೇಲೆ, ಊಟಕ್ಕ ಹೋಗೂಣಲ್ಲಾ ಎಂದರು.

ಕೈ ಬಿಡದೆ ಒಳಗೆ ಬಂದೆವು. ವತ್ಸಲಾ ಇನ್ನೂ ತನ್ನ ಕುರ್ಚಿಯ ಮುಂದೆಯೇ ನಿಂತಿದ್ದಳು. ಎಲ್ಲರೂ ಅಕ್ಷತೆ ಹಾಕಿ ಊಟಕ್ಕೆ ಹೊರಟಿದ್ದರು, ಅವಳ ಮುಷ್ಟಿಯಲ್ಲಿ ಅಕ್ಷತೆ ಹಾಗೇ ಇತ್ತು. ಈಗ ಹೇಗಿದ್ದಾರೆ ಎಂದು ನನ್ನನ್ನು ಕೇಳಿದಳು. ನಗಲು ನೋಡಿದಳು. ಕಣ್ಣು ಮಾತ್ರ ನಮ್ಮ ಕೈಗಳ ಮೇಲಿತ್ತು, ಅಲ್ಲಿಂದ ಕೀಳಲು ಆಗುತ್ತಿರಲಿಲ್ಲ. ಅವಳಿಗೆ ಏನಾಗಿದೆ ಎಂದು ಅವಳಿಗೇ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತಾಯಿತು. ಹತ್ತು ಹನ್ನೆರಡು ವರ್ಷ ನನ್ನ ಹೊಟ್ಟೆಯಲ್ಲೇ ಉರಿದ ಕಾಯಿಲೆ ಅದು, ಅದನ್ನು ಗುರುತಿಸಲು ನನಗೆ ಯಾವ ಡಾಕ್ಟರೂ ಬೇಕಿರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಅದನ್ನು ಮುಚ್ಚಿಡುವ ವಯಸ್ಸು ಈಗ ನನ್ನದಲ್ಲ. ನಮ್ಮವರನ್ನು ಗಂಡಸರ ಪಂಕ್ತಿಗೆ ಕಳಿಸಿ, ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತೆ. ಅವಳ ಮುಖ ನೋಡಲಿಲ್ಲ, ಏನೂ ಕೇಳಲಿಲ್ಲ. ಅವಳೂ ಕೂತಳು. ಅದು ಇಳಿಯುವವರೆಗೆ ಇಬ್ಬರೂ ಖಾಲಿ ವೇದಿಕೆಯನ್ನು ನೋಡುತ್ತ ಇದ್ದೆವು.